ಕೈಪಿಡಿ ಬರೆಯುವವರ ಉದ್ಯೋಗವನ್ನು ಕುರಿತು

ಬೇಸಾಯಗಾರರಾದ ಒಬ್ಬ ತಂದೆಯು ನಮಗೆ ಕಾಗದ ಬರೆದು ಒಂದು ವಿಷಯವನ್ನು ವಿಚಾರಿಸಿದ್ದಾರೆ. ಅದೇನಂದರೆ, ಅವರ ಮಗಳು ಇಂಗ್ಲಿಷಿನಲ್ಲಿ ಎಂ.ಎ. ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದ್ದಾಳೆ. ಬೆಂಗಳೂರಿನ ಕಂಪೆನಿಯೊಂದು ಆಕೆಯನ್ನು ಟೆಕ್ನಿಕಲ್ ರೈಟರ್ ಎಂಬ ಕೆಲಸಕ್ಕೆ ಕರೆದದೆ. ಯಂತ್ರಗಳನ್ನೂ ತಂತ್ರಾಂಶಗಳನ್ನೂ ಹೇಗೆ ನಡಿಸಬೇಕೆಂದು ತಿಳಿಸುವ ಕೈಪಿಡಿಗಳನ್ನು ಬರೆಯುವದೇ ಆ ಕೆಲಸ. ಆ ಕೈಪಿಡಿಗಳಲ್ಲಿ ಬರೆದವರ ಹೆಸರು ಇರುವದಿಲ್ಲ. ಅವುಗಳನ್ನು ಸಂತೋಷಕ್ಕಾಗಿ ಓದುವವರೂ ಇಲ್ಲ. "ಉಪಾಧ್ಯಾಯಿನಿಯಾದರೆ ಮಕ್ಕಳು ನೆನಸುವರು, ದಾದಿಯಾದರೆ ರೋಗಿಗಳು ನೆನಸುವರು. ಇದು ಒಬ್ಬಳು ತನ್ನ ಆಯುಷ್ಯವನ್ನು ಒಪ್ಪಿಸತಕ್ಕ ಕೆಲಸವೋ?" ಎಂದು ಅವರು ಕೇಳುತ್ತಾರೆ.

ಸಂಬಳವೆಷ್ಟೆಂದು ಕೇಳದೆ ಇದನ್ನು ಕೇಳಿದ ತಂದೆಯನ್ನು ನಾವು ಗೌರವಿಸುತ್ತೇವೆ. ಆದರೆ ನೆನಸುವವರು ಇರುವದರಿಂದಲೇ ಒಂದು ಕೆಲಸವು ಒಳ್ಳೇದಾಗುವದೆಂದು ಅವರು ಎಣಿಸಿದಂತೆ ತೋರುತ್ತದೆ; ಅದನ್ನು ನಾವು ಒಪ್ಪಲಾರೆವು. ಬಾವಿ ತೋಡಿದವನ ಹೆಸರನ್ನು ಕೇಳಿ ನೀರು ಕುಡಿಯುವವರು ಎಷ್ಟು ಮಂದಿ?

ಈ ಕಸುಬು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಇಂಗ್ಲಿಷ್ ಕವಿಗಳಲ್ಲಿ ಹೆಸರುಗೊಂಡ ಜೆಫ್ರಿ ಚಾಸರನು 1391ರಲ್ಲಿ ಒಂದು ಚಿಕ್ಕ ಪುಸ್ತಕವನ್ನು ಬರೆಯತೊಡಗಿದನು. ಸೂರ್ಯನ ಮತ್ತು ನಕ್ಷತ್ರಗಳ ಎತ್ತರವನ್ನು ಅಳೆದು ಹೊತ್ತನ್ನು ತಿಳಿಯುವದಕ್ಕೆ ಆ ಕಾಲದವರು ಉಪಯೋಗಿಸುತ್ತಿದ್ದ ಆಸ್ಟ್ರೊಲೇಬ್ ಎಂಬ ಉಪಕರಣವನ್ನು ನಡಿಸುವ ರೀತಿಯನ್ನು ಅದರಲ್ಲಿ ತಿಳಿಸಿದ್ದಾನೆ. ಪಂಡಿತರು ಇಂಥ ವಿಷಯಗಳನ್ನು ಲ್ಯಾಟಿನ್ ಭಾಷೆಯಲ್ಲಿ ಬರೆಯುತ್ತಿದ್ದರು. ಚಾಸರನು ಬರೆದದ್ದಾದರೋ ಹತ್ತು ವರುಷದ ಲೂಯಿಸ್ ಎಂಬ ಹುಡುಗನಿಗೆ, ತನ್ನ ಮಗನಿಗೆ. ಹುಡುಗನಿಗೆ ಲ್ಯಾಟಿನ್ ಅಷ್ಟಾಗಿ ಬಾರದು. ಆದಕಾರಣ ತಂದೆಯು ಮನೆಮಾತಿನಲ್ಲಿಯೇ ಬರೆದು, ಹೇಳಿದ್ದನ್ನು ಮತ್ತೊಮ್ಮೆ ಹೇಳುವದು ಮಗು ಮರೆಯುವದಕ್ಕಿಂತ ಲೇಸೆಂದು ಎಣಿಸಿದನು. ಪುಸ್ತಕವು ಮುಗಿಯಲಿಲ್ಲ. ಅವನ ಕಾವ್ಯಗಳನ್ನು ಹೊಗಳುವವರಲ್ಲಿ ಇದನ್ನು ನೆನಸುವವರು ಕಡಿಮೆ. ನಮಗೆ ಮಾತ್ರ ಇದರಲ್ಲಿ ಆ ಕವಿಯ ಮನಸ್ಸು ಚೆನ್ನಾಗಿ ಕಾಣುತ್ತದೆ. ತರುವಾಯ ಗಣಕಯಂತ್ರಗಳು ಬಂದಾಗ, ಜೋಸೆಫ್ ಚಾಪ್ಲೈನ್ ಎಂಬವರು 1949ರಲ್ಲಿ ಬೈನ್ಯಾಕ್ ಎಂಬ ಯಂತ್ರಕ್ಕೆ ಕೈಪಿಡಿ ಬರೆದರು. ಆ ಮೇಲೆ ಈ ಉದ್ಯೋಗವು ದೇಶದೇಶಗಳಲ್ಲಿ ಹಬ್ಬಿತು. ನಮ್ಮ ಬೆಂಗಳೂರಿನಲ್ಲಿಯೂ ಇದರಿಂದ ಜೀವಿಸುವವರು ಅನೇಕರು ಇದ್ದಾರೆ.

ಕೆಲಸದ ಕಷ್ಟವು ಎಲ್ಲಿದೆ ಎಂದು ಕೇಳುವಿರಾ? ಬಲ್ಲವನು ತಾನು ಬಲ್ಲದ್ದನ್ನು ಮರೆತಿರುತ್ತಾನೆ. ಯಂತ್ರವನ್ನು ಕಟ್ಟಿದವನಿಗೆ ಅದು ಕೈಯ ಬೆರಳಿನಂತೆ ಆಗಿಹೋಗಿರುವದರಿಂದ, ಹತ್ತು ಹೆಜ್ಜೆಗಳಲ್ಲಿ ಮೂರನ್ನು ಹೇಳುವದೇ ಇಲ್ಲ. ಅವು ಹೆಜ್ಜೆಗಳೆಂದು ಅವನಿಗೆ ತೋರುವದೂ ಇಲ್ಲ. ಕೈಪಿಡಿ ಬರೆಯುವವರು ಅವನ ಬಳಿಯಲ್ಲಿ ಕೂತು, "ಇದು ಯಾಕೆ? ಅದಕ್ಕಿಂತ ಮುಂಚೆ ಏನು? ತಪ್ಪಿದರೆ ಏನಾಗುವದು?" ಎಂದು ನಾಚಿಕೆಯನ್ನು ಬಿಟ್ಟು ಕೇಳಬೇಕು. ಬಳಿಕ ತಮ್ಮ ಕೈಯಿಂದಲೇ ಮಾಡಿ ನೋಡಬೇಕು. ಬರೆದದ್ದನ್ನು ಏನೂ ಅರಿಯದ ಒಬ್ಬರ ಕೈಗೆ ಕೊಟ್ಟು, ಅವರು ತಡವರಿಸುವಾಗ ಬಾಯಿಬಿಡದೆ ಪಕ್ಕದಲ್ಲಿ ನಿಂತಿರಬೇಕು. ಈ ಕಡೇ ಕೆಲಸವೇ ಎಲ್ಲಕ್ಕಿಂತ ಕಠಿಣವೆಂದು ನಮ್ಮ ಎಣಿಕೆ. ಯಾಕಂದರೆ ಓದುವವನು ತಪ್ಪಿದ ಸ್ಥಳದಲ್ಲಿ ನಿಜವಾಗಿ ತಪ್ಪಿದವನು ಬರೆದವನೇ.

ವಿಮಾನಗಳನ್ನು ದುರಸ್ತು ಮಾಡುವವರ ಕೈಪಿಡಿಗಳಿಗೋಸ್ಕರ 1986ರಿಂದ ಒಂದು ಬಗೆಯ ಸರಳವಾದ ಇಂಗ್ಲಿಷಿಗೆ ನಿಯಮಗಳನ್ನು ಹಾಕಿಕೊಟ್ಟಿದ್ದಾರೆ. ಮಾಡತಕ್ಕದ್ದನ್ನು ಹೇಳುವ ವಾಕ್ಯದಲ್ಲಿ 20 ಶಬ್ದಗಳಿಗಿಂತ ಹೆಚ್ಚು ಇರಬಾರದು. ಒಂದು ಶಬ್ದಕ್ಕೆ ಒಂದೇ ಅರ್ಥವಿರಬೇಕು. ಲೋಕದ ಇಂಗ್ಲಿಷಿನಲ್ಲಿ 'ಫಾಲೋ' ಅಂದರೆ ಹಿಂದೆ ಬರುವದೂ ಆಗುವದು, ಹೇಳಿದಂತೆ ನಡೆಯುವದೂ ಆಗುವದು. ಈ ಇಂಗ್ಲಿಷಿನಲ್ಲಿ ಹಿಂದೆ ಬರುವದೆಂಬ ಅರ್ಥ ಒಂದೇ. ಇಂಗ್ಲಿಷು ಮನೆಮಾತಲ್ಲದ ಒಬ್ಬ ಕೆಲಸಗಾರನು ರಾತ್ರಿಯಲ್ಲಿ ದಣಿದು ಓದುವಾಗ ಎರಡು ಅರ್ಥಗಳ ನಡುವೆ ನಿಲ್ಲಬಾರದೆಂದು ಇಷ್ಟು ಜಾಗ್ರತೆ. ಭಾಷೆಯಲ್ಲಿ ತಮ್ಮ ಜಾಣತನವನ್ನು ತೋರಿಸಬೇಕೆಂಬವರಿಗೆ ಇದು ಸೆರೆಮನೆಯಂತೆ ಕಾಣುವದು. ಇಂಗ್ಲಿಷ್ ಸಾಹಿತ್ಯವನ್ನು ಓದಿದ ಆ ಮಗಳಿಗೂ ಮೊದಲು ಹಾಗೆ ಕಾಣಬಹುದು.

ನಮ್ಮ ಹಳ್ಳಿಗಳಿಗೆ ಇದರಿಂದ ಏನು ಎನ್ನುವವರು ತಮ್ಮ ಮನೆಯ ಕೀಟನಾಶಕದ ಡಬ್ಬಿಯನ್ನು ನೋಡಲಿ. ಅದರ ಮೇಲಿರುವ ಬಣ್ಣದ ತ್ರಿಕೋಣದಲ್ಲಿ ಕೆಂಪು ಅತ್ಯಂತ ಘೋರವಾದ ವಿಷ, ಹಳದಿ ಅದಕ್ಕೆ ಎರಡನೆಯದು, ನೀಲಿ ಮೂರನೆಯದು, ಹಸಿರು ಎಲ್ಲಕ್ಕಿಂತ ಕಡಿಮೆಯದು. ಓದಲಾರದವನಿಗೂ ತಿಳಿಯಲೆಂದು ಮಾಡಿದ ಏರ್ಪಾಡು ಇದು. ಆದರೆ ಬಣ್ಣದ ಅರ್ಥವನ್ನು ಮೊದಲು ಯಾರಾದರೂ ಹೇಳಿಕೊಡದೆ ಇದ್ದರೆ, ನೀಲಿಯನ್ನು ಕಂಡು ಅಪಾಯವಿಲ್ಲವೆಂದು ನಂಬುವವನನ್ನು ನಾವು ಹೇಗೆ ದೂಷಿಸುವದು? ಡಬ್ಬಿಯ ಸಂಗಡ ಮಡಿಚಿಟ್ಟ ಕಾಗದವೂ ಬರುತ್ತದೆ. ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಅಚ್ಚಾದ ಅದನ್ನು ಬಿಡಿಸಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ ಇದ್ದೇವೆ? ಅದನ್ನು ಬರೆದವರು ಗದ್ದೆಯ ಬದುವಿನ ಮೇಲೆ ನಿಂತವನೊಬ್ಬನನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೋ, ಕಾಯಿದೆಯ ಅಧಿಕಾರಿಯನ್ನು ಮಾತ್ರ ಇಟ್ಟುಕೊಂಡಿದ್ದರೋ, ಕಾಗದವೇ ಹೇಳುವದು.

ಬರಹದಲ್ಲಿ ಬಾಯಿ ಮುಚ್ಚಿದರೆ ಏನಾಗುವದೆಂಬದಕ್ಕೆ ಒಂದು ದುಃಖಕರವಾದ ದೃಷ್ಟಾಂತವುಂಟು. 1985ರಿಂದ 1987ರ ವರೆಗೆ ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ಕ್ಯಾನ್ಸರ್ ರೋಗಿಗಳಿಗೆ ಕಿರಣಗಳನ್ನು ಬಿಡುವ ಥೆರಾಕ್-25 ಎಂಬ ಯಂತ್ರದಿಂದ ಆರು ಮಂದಿಗೆ ಮಿತಿಮೀರಿದ ಕಿರಣಗಳು ತಗಲಿದವು. 1986ನೇ ಮಾರ್ಚಿನಲ್ಲಿ ಟೆಕ್ಸಾಸ್ ಪ್ರಾಂತದ ಟೈಲರ್ ಊರಿನ ಆಸ್ಪತ್ರೆಯಲ್ಲಿ ಯಂತ್ರವು ಥಟ್ಟನೆ ನಿಂತು, ಪರದೆಯ ಮೇಲೆ 'ಮ್ಯಾಲ್‌ಫಂಕ್ಷನ್ 54' ಎಂದು ತೋರಿಸಿತು. ಅಂದರೆ 54ನೆಯ ನಂಬ್ರದ ದೋಷ. ಆ ನಂಬ್ರದ ಅರ್ಥವು ನಡಿಸುವವರ ಕೈಪಿಡಿಯಲ್ಲಿ ಇರಲಿಲ್ಲ. ಇಂಥ ಸೂಚನೆಗಳು ಆಗಾಗ ಬಂದು ಹೋಗುತ್ತಿದ್ದವು. ಆದದರಿಂದ ನಡಿಸುವವಳು ವಾಡಿಕೆಯಂತೆ 'ಮುಂದರಿಸು' ಎಂಬ ಕೀಲಿಯನ್ನು ಒತ್ತಿದಳು. ಒಳಗೆ ಮಲಗಿದ್ದ ಮನುಷ್ಯನಿಗೆ ಕೊಡತಕ್ಕದ್ದಕ್ಕಿಂತ ಸುಮಾರು ನೂರು ಪಟ್ಟು ಕಿರಣಗಳು ತಗಲಿದವೆಂದು ಮೇಲೆ ಗೊತ್ತಾಯಿತು. ಮುಂದಿನ ತಿಂಗಳು ಅದೇ ಆಸ್ಪತ್ರೆಯಲ್ಲಿ ಅದೇ ನಂಬ್ರವು ಕಾಣಿಸಿಕೊಂಡು ಇನ್ನೊಬ್ಬನಿಗೆ ಹಾಗೆಯೇ ಆಯಿತು. ಇಬ್ಬರೂ ಸತ್ತರು. ಮೂಲದೋಷವು ತಂತ್ರಾಂಶದಲ್ಲಿತ್ತು, ಮತ್ತು ಹಿಂದಿನ ಯಂತ್ರಗಳಲ್ಲಿದ್ದ ರಕ್ಷಣೆಯ ತಡೆಗಳನ್ನು ಇದರಲ್ಲಿ ಬಿಟ್ಟದ್ದರಲ್ಲಿತ್ತು. ಎಲ್ಲವನ್ನೂ ಪುಸ್ತಕದ ಮೇಲೆ ಹೊರಿಸುವದು ನ್ಯಾಯವಲ್ಲ. ಆದರೂ "54 ಕಂಡರೆ ನಿಲ್ಲಿಸು, ರೋಗಿಯನ್ನು ನೋಡು" ಎಂಬ ಒಂದು ಸಾಲು ಇದ್ದಿದ್ದರೆ ಆ ಸ್ತ್ರೀಯ ಬೆರಳು ತಡೆಯುತ್ತಿತ್ತೋ ಏನೋ. ಆ ಸಾಲನ್ನು ಬರೆದವರಿಗೆ ಯಾರೂ ವಂದನೆ ಹೇಳುತ್ತಿರಲಿಲ್ಲ. ಯಾಕಂದರೆ ಹೇಳತಕ್ಕ ಸಂಗತಿಯೇ ನಡೆಯುತ್ತಿರಲಿಲ್ಲ.

ಇಲ್ಲಿಯೇ ಆ ತಂದೆಯ ಪ್ರಶ್ನೆಗೆ ನಮ್ಮ ಉತ್ತರವಿದೆ. ಈ ಉದ್ಯೋಗದಲ್ಲಿರುವವರು ತಾವು ಎಂದೂ ಕಾಣದ ಒಬ್ಬನ ಪಕ್ಷವಾಗಿ ಕಂಪೆನಿಯೊಳಗೆ ಕೂತಿರುತ್ತಾರೆ. ಸಂಬಳ ಕೊಡುವವರು ಒಬ್ಬರು, ಋಣವಿರುವದು ಇನ್ನೊಬ್ಬರಿಗೆ. ಅನೇಕ ದಿವಸಗಳಲ್ಲಿ ಈ ಎರಡಕ್ಕೂ ವಿರೋಧವಿಲ್ಲ. ಒಂದು ದಿವಸ ಮೇಲಿನವರು, "ಈ ದೋಷವನ್ನು ಬರೆಯಬೇಡ, ಗಿರಾಕಿಗಳು ಹೆದರುವರು, ಮುಂದಿನ ಮುದ್ರಣದಲ್ಲಿ ನೋಡೋಣ" ಅನ್ನುವರು. ಆಗ ಹುಡುಗಿಯು ಏನು ಮಾಡುವಳು? ಒಡನೆ ಕೆಲಸ ಬಿಡಬೇಕೆಂದು ನಾವು ಹೇಳುವದಿಲ್ಲ. ಮನೆಯ ಸಾಲವನ್ನು ಹೊತ್ತವರಿಗೆ ಹಾಗೆ ಹೇಳುವದು ಹೊರಗಿನವರಿಗೆ ಸುಲಭ. ಆದರೆ ಅಪಾಯವನ್ನು ಬರಹದ ಮೂಲಕ ಮೇಲಿನವರಿಗೆ ತಿಳಿಸಬೇಕು, ಒಪ್ಪದಿದ್ದರೆ ಇನ್ನೂ ಮೇಲಿನವರಿಗೆ ತಿಳಿಸಬೇಕು. ಜೀವಕ್ಕೆ ಕೇಡು ಬರುವಂಥ ಸುಳ್ಳಿಗೆ ಮಾತ್ರ ತನ್ನ ಕೈಯಿಂದ ಅಕ್ಷರ ಹಾಕಬಾರದು. ಇಷ್ಟನ್ನು ಮಾಡಬಲ್ಲವಳಿಗೆ ಆ ಕುರ್ಚಿಯು ದಾದಿಯ ಸ್ಥಾನಕ್ಕಿಂತ ಕಡಿಮೆಯಾದದ್ದಲ್ಲ. ಮಾಡಲಾರದವಳಿಗೆ ಸಂಬಳ ಎಷ್ಟಿದ್ದರೂ ತೃಪ್ತಿ ಸಿಕ್ಕೀತೆಂದು ನಾವು ನಂಬುವದಿಲ್ಲ.

ಇನ್ನೊಂದು ಭಯವನ್ನೂ ಆ ತಂದೆಯು ಸೂಚಿಸಿದ್ದಾರೆ: ಈಗ ಯಂತ್ರವೇ ಬರೆಯುತ್ತದಲ್ಲಾ ಎಂದು. ಭಯವು ಬರೇ ಕಲ್ಪನೆಯಲ್ಲ. ಅಮೆರಿಕದಲ್ಲಿ 1953ರಿಂದ ಈ ಉದ್ಯೋಗದವರನ್ನು ಕೂಡಿಸಿಕೊಂಡು ಬಂದ ಸಂಘವು 2025ನೇ ಜನವರಿಯಲ್ಲಿ ಬಾಗಿಲು ಮುಚ್ಚಿತು. ಸಾಲ ತೀರಿಸುವ ಶಕ್ತಿ ಅದಕ್ಕೆ ಉಳಿದಿರಲಿಲ್ಲ. ನಯವಾದ ವಾಕ್ಯಗಳನ್ನು ಜೋಡಿಸುವದೇ ಕೆಲಸವೆಂದು ತಿಳಿದವರಿಗೆ ಮುಂದೆ ಕಷ್ಟ ಬರಬಹುದು. ಬರೆದದ್ದು ನಿಜವೋ ಎಂದು ಮಾಡಿ ನೋಡಿ, "ಇದಕ್ಕೆ ನಾನು ಹೊಣೆ" ಎನ್ನುವವರು ಮಾತ್ರ ಆಗಲೂ ಬೇಕಾಗುವರು. ಎಷ್ಟು ಮಂದಿ ಬೇಕಾಗುವರೆಂದು ಹೇಳಲು ನಾವು ಕಣಿಯವರಲ್ಲ.

ಕಂಪೆನಿಗೆ ಉತ್ತರ ಕೊಡುವ ಮೊದಲು ಮಗಳಿಂದ ಒಂದು ಕೆಲಸ ಮಾಡಿಸಿರೆಂದು ನಾವು ಬರೆದೆವು: ಬಾವಿಯ ದಡದ ಪಂಪನ್ನು ಹೇಗೆ ನಡಿಸಬೇಕೆಂದು ಆಕೆಯು ತಂದೆಯನ್ನು ಕೇಳಿ ಬರೆಯಲಿ, ಅದನ್ನು ಓದಿ ನೆರೆಮನೆಯ ಹುಡುಗನು ನಡಿಸಲಿ, ತಂದೆಯೂ ಮಗಳೂ ಸುಮ್ಮನೆ ನಿಂತಿರಲಿ. ಹೋದ ವಾರ ಉತ್ತರ ಬಂತು. ಮೊದಲನೆಯ ಸಲ ಮೋಟಾರು ತಿರುಗಿತು, ನೀರು ಬರಲಿಲ್ಲ. ಪಂಪಿನೊಳಗೆ ಮೊದಲು ನೀರು ಹೊಯ್ದು ತುಂಬಿಸಬೇಕೆಂಬದನ್ನು ಇಪ್ಪತ್ತು ವರುಷ ದಿನಾಲು ಮಾಡುತ್ತಾ ಬಂದ ತಂದೆಯು ಹೇಳಿರಲೇ ಇಲ್ಲ. ಎರಡನೆಯ ಸಲ, ಎಲ್ಲಿಯ ವರೆಗೆ ಹೊಯ್ಯಬೇಕೆಂದು ಹುಡುಗನಿಗೆ ತಿಳಿಯಲಿಲ್ಲ. ಮೂರನೆಯ ಸಲ, ಒದ್ದೆ ಕೈಯಿಂದ ಸ್ಟಾರ್ಟರನ್ನು ಮುಟ್ಟಲು ಹೋದನು. ಮಗಳು ಕೂಗಿ ತಡೆದಳು, ಆ ಮೇಲೆ ಆ ಎಚ್ಚರಿಕೆಯನ್ನು ಎಲ್ಲಕ್ಕಿಂತ ಮೇಲಿನ ಸಾಲಿಗೆ ತಂದು ಬರೆದಳು. ನಾಲ್ಕನೆಯ ಸಲ ನೀರು ಬಂತು. ಆಕೆಯು ಬರುವ ತಿಂಗಳು ಬೆಂಗಳೂರಿಗೆ ಹೋಗುತ್ತಾಳಂತೆ. ಕಾಗದವನ್ನು ತಂದೆಯು ಪಂಪಿನ ಮನೆಯ ಗೋಡೆಗೆ ಅಂಟಿಸಿದ್ದಾರೆ. ಹೆಸರು ಬರೆಯೆಂದು ಹೇಳಿದರೆ ಅದಕ್ಕೆ ಸ್ಥಳವಿಲ್ಲವೆಂದು ಮಗಳು ನಕ್ಕಳಂತೆ.