ಹಾಗರಳಿಗೆ ಎರಡನೇ ಸಲ ‘ತಿರುಗಿ ಹೋಗು’ ಅನ್ನಲಿಲ್ಲ

ಶಿರಗುಪ್ಪಿಯಲ್ಲಿ ನಮ್ಮ ಜೊತೆ ಕೂತವರಿಗೂ, ಬೆಳಗಾವಿ, ಪುಣೆ, ಬೆಂಗಳೂರಿನ ರೂಮಿನಲ್ಲಿ ಒಬ್ಬರೇ ಕೂತು ಫೋನಿನಲ್ಲಿ ಕೇಳುವ ಯೌವನಸ್ಥರಿಗೂ ವಂದನೆ. ಬೈಬಲ್ ತೆಗೀರಿ. ಆದಿಕಾಂಡ 16ನೇ ಅಧ್ಯಾಯ. ಅಲ್ಲೊಂದು ಬೆರಳು ಇಟ್ಕೊಂಡು 21ನೇ ಅಧ್ಯಾಯಾನೂ ತೆಗೀರಿ. ಇವತ್ತು ಎರಡೂ ಬೇಕು.

ವಾಕ್ಯಕ್ಕೆ ಹೋಗುವ ಮುಂಚೆ ನಿಮ್ಮ ಮುಂದೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ನಾನು ಬೈಬಲ್ ಕಾಲೇಜಿನ ಡಿಪ್ಲೊಮಾ ಮುಗಿಸಿ ಸೇವೆಗೆ ಬಂದ ಹೊಸತು. ಆರಾಧನೆ ಮುಗಿದ ಮೇಲೆ ಒಬ್ಬ ಸಹೋದರಿ ಹಿಂದೆ ನಿಂತರು. ಮದುವೆಯಾಗಿ ಹನ್ನೊಂದು ವರ್ಷ. “ಬ್ರದರ್, ಇನ್ನ ನನ್ನ ಕೈಲೆ ಆಗಂಗಿಲ್ರಿ” ಅಂದರು. ತೋಳಿನ ಮೇಲೆ ಸೆರಗು ಎಳ್ಕೊಂಡಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ. “ಅಕ್ಕಾರ, ಹಾಗರಳಿಗೆ ದೂತ ತಿರುಗಿ ಹೋಗು ಅಂದ. ನೀವೂ ಹೋಗ್ರಿ, 21 ದಿನ ಉಪವಾಸ ಹಿಡೀರಿ, ದೇವರು ಗಂಡನ ಮನಸ್ಸು ತಿರುಗಿಸ್ತಾನ” ಅಂತ ಹೇಳಿ, ಪ್ರಾರ್ಥನೆ ಮಾಡಿ ಕಳಿಸಿದೆ.

ಅವರು ಹೋದರು. ಎರಡು ತಿಂಗಳಿಗೆ ಮಗನನ್ನು ಕರ್ಕೊಂಡು ತವರಿಗೆ ಬಂದರು. ಕೈಗೆ ಪ್ಲಾಸ್ಟರ್ ಇತ್ತು. ಆಮೇಲೆ ಸಭೆಗೆ ಬರಲಿಲ್ಲ. ಬಹಳ ದಿನ ಆದ ಮೇಲೆ ನಾನೇ ಅವರ ತವರಿಗೆ ಹೋಗಿ ಕ್ಷಮೆ ಕೇಳಿದೆ. ಅವರು ಒಂದೇ ಮಾತು ಅಂದರು: “ಬ್ರದರ್, ನೀವು ಹಾಗರಳ ಕತಿ ಅರ್ಧಾನ ಹೇಳಿದ್ರಿ.” ಇದನ್ನು ಸಭೆಯಲ್ಲಿ ಹೇಳೋದಕ್ಕೆ ಅವರೇ ಒಪ್ಪಿದ್ದಾರೆ.

ಪ್ರಿಯರೇ, ಉಳಿದ ಅರ್ಧ ಇವತ್ತು ನೋಡೋಣ. 16ನೇ ಅಧ್ಯಾಯದಲ್ಲಿ ಹಾಗರಳು ಗರ್ಭಿಣಿ, ಅಡವಿಯಲ್ಲಿ ಒಬ್ಬಳೇ. ಆಗ ತಿರುಗಿ ಹೋಗು ಅಂತ ಮಾತು ಬಂತು, ನಿಜ. ಇಷ್ಮಾಯೇಲ ಹುಟ್ಟಿದಾಗ ಅಬ್ರಹಾಮನಿಗೆ 86 ವರ್ಷ, ಇಸಾಕ ಹುಟ್ಟಿದಾಗ 100. ಅಂದರೆ ಆಕೆ ಆ ಮನೆಯಲ್ಲಿ ಮತ್ತೆ ಕಮ್ಮಿ ಅಂದ್ರೂ 14 ವರ್ಷ ಬಾಳಿದಳು. ಕೊನೆಗೆ ಏನು ಸಿಕ್ಕಿತು? ಒಂದು ಮುಂಜಾನೆ ಸ್ವಲ್ಪ ರೊಟ್ಟಿ, ಒಂದು ತಿತ್ತಿ ನೀರು, ಹೊರಗೆ ದಾರಿ. ನಿಮ್ಮಲ್ಲಿ ಕೆಲವರಿಗೆ ಈ ಲೆಕ್ಕ ಗೊತ್ತು. ಏಳು ವರ್ಷದ ಪ್ರೀತಿ, ಒಂದು ಮೆಸೇಜಿನಲ್ಲಿ ಮುಗೀತು. ಹತ್ತು ವರ್ಷದ ಸಂಸಾರ, ಎರಡು ಬ್ಯಾಗಿನಲ್ಲಿ ಹೊರಗೆ ಬಂತು.

ತಿತ್ತಿಯ ನೀರು ತೀರಿತು. ಮಗನನ್ನು ಪೊದೆಯ ಕೆಳಗೆ ಬಿಟ್ಟು ದೂರ ಕೂತು ಗಟ್ಟಿಯಾಗಿ ಅತ್ತಳು. ಈಗ ಗಮನಿಸಿರಿ. ದೇವರು “ಯಾಕೆ ಅಳ್ತೀ, ನಿನಗೆ ವಿಶ್ವಾಸ ಇಲ್ಲೇನು?” ಅಂತ ಕೇಳಲಿಲ್ಲ. ಈ ಸಲ “ತಿರುಗಿ ಹೋಗು” ಅಂತಾನೂ ಅನ್ನಲಿಲ್ಲ. ಹೆಸರು ಹಿಡಿದು ಕರೆದ, ಹೆದರಬೇಡ ಅಂದ, ಆಕೆಯ ಕಣ್ಣು ತೆರೆದ. ಆಗ ಬಾವಿ ಕಂಡಿತು. ಒಂದೇ ದೇವರು, ಒಬ್ಬಳೇ ಹಾಗರಳು, ಎರಡು ಸಮಯಕ್ಕೆ ಎರಡು ಮಾತು. ನಾನು 16ನೇ ಅಧ್ಯಾಯ ತಗೊಂಡು 21ನೇ ಅಧ್ಯಾಯದಲ್ಲಿ ಇದ್ದವರನ್ನು ಹೊಡೆದೆ. ಕರ್ತನು ನನ್ನನ್ನು ಕ್ಷಮಿಸಲಿ.

ಇನ್ನೊಂದು ನೋಡ್ರಿ. ಈ ಎರಡೂ ಅಧ್ಯಾಯದಲ್ಲಿ ಅಬ್ರಹಾಮನ ಬಾಯಲ್ಲಾಗಲಿ ಸಾರಳ ಬಾಯಲ್ಲಾಗಲಿ ಆಕೆಯ ಹೆಸರು ಬರೋದಿಲ್ಲ. ದಾಸಿ, ಅಷ್ಟೇ. ಹೆಸರು ಹಿಡಿದು ಕರೆದದ್ದು ದೇವದೂತ. ನಮ್ಮ ಕಡೆ ಏನಂತಾರೆ? “ಗಂಡ ಬಿಟ್ಟಾಕಿ.” ಮದುವೆ ಮುರಿದ ಗಂಡುಮಕ್ಕಳಿಗೂ “ಹೇಂತಿ ಓಡಿಹೋದಾಂವ” ಅಂತ ಹೆಸರು ಬೀಳ್ತದ. ಆ ಮಾತು ನಿಮ್ಮ ಹೆಸರಲ್ಲ. ನಿಮ್ಮ ಹೆಸರು ಕರ್ತನಿಗೆ ಗೊತ್ತು. ಆಮೆನ್?

2019ರ ಆಗಸ್ಟಿನಲ್ಲಿ ಕೃಷ್ಣಾ ಉಕ್ಕಿ ನಮ್ಮ ಕಾಗವಾಡ, ಅಥಣಿ, ಚಿಕ್ಕೋಡಿ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿದ್ದು ನೆನಪದ ಅಲ್ಲ? ಮನೆ ಕಳ್ಕೊಂಡವರಿಗೆ “ತಪ್ಪು ಯಾರದು?” ಅಂತ ಯಾರಾದರೂ ಕೇಳಿದರಾ? ಇಲ್ಲ. ರೊಟ್ಟಿ ಬಡಿದು ಕಳಿಸಿದರು, ಹಾಸಿಗೆ ಕೊಟ್ಟರು. ಆದರೆ ಒಬ್ಬರ ಸಂಸಾರ ಮುಳುಗಿದಾಗ ನಾವು ರೊಟ್ಟಿ ಒಯ್ಯೋದಿಲ್ಲ, ಪ್ರಶ್ನೆ ಒಯ್ತೀವಿ. ಸಭೆಯೇ, ಇದನ್ನು ಬಿಡೋಣ.

ಹಾಗಂತ ಮದುವೆ ಹಗುರ ಅಂತ ನಾನು ಹೇಳ್ತಾ ಇಲ್ಲ. ಮತ್ತಾಯ 19ರಲ್ಲಿ ಸ್ವಾಮಿ ಹೇಳಿದ್ದನ್ನು ತೆಗೆದುಹಾಕೋಕೆ ನನಗೆ ಅಧಿಕಾರ ಇಲ್ಲ. ಒಂದಾಗೋಕೆ ದಾರಿ ಇದ್ದರೆ, ಇಬ್ಬರಿಗೂ ಮನಸ್ಸಿದ್ದರೆ, ಅದಕ್ಕೆ ನಾವೇ ಮೊದಲು ಮೊಣಕಾಲೂರುತ್ತೇವೆ. ಆದರೆ ಯೆರೆಮೀಯ 3:8 ಓದಿರಿ. ಇಸ್ರಾಯೇಲಿಗೆ ತ್ಯಾಗಪತ್ರ ಕೊಟ್ಟೆ ಅಂತ ದೇವರೇ ಹೇಳುತ್ತಾನೆ. ಮುರಿದ ಸಂಬಂಧದ ನೋವನ್ನು ತನ್ನ ಬಾಯಿಂದಲೇ ಹೇಳಿಕೊಂಡ ದೇವರ ಮುಂದೆ ನೀವು ನಾಚಿಕೊಳ್ಳಬೇಕಾಗಿಲ್ಲ. ನಿಮ್ಮ ತಪ್ಪು ಇದ್ದರೆ ಅದನ್ನೂ ಆತನಿಗೇ ಹೇಳಿರಿ. ಅದೇ ಅಧ್ಯಾಯದಲ್ಲಿ ಆತನು ತಿರುಗಿ ಬಾ ಅಂತಾನೂ ಕರೆಯುತ್ತಾನೆ.

ಬಾವಿ ಅಂದ್ನಲ್ಲ, ನಿಮ್ಮ ಬಾವಿ ಯಾವುದು? ನಾಲ್ಕು ಹೇಳ್ತೀನಿ.

ಮೊದಲನೇದು, ಅಳ್ರಿ. ಅಳು ಅವಿಶ್ವಾಸ ಅಲ್ಲ. ಹೊತ್ತಿಗೆ ಸರಿಯಾಗಿ ಉಣ್ರಿ, ಮಲಗ್ರಿ. ಊಟ ಇಲ್ಲದ ಒಣ ದೇಹಕ್ಕೆ ಮತ್ತೆ ಉಪವಾಸ ಹೇರಬೇಡ್ರಿ.

ಎರಡನೇದು, ರಾತ್ರಿ ಎರಡು ಗಂಟೆಗೆ ಅವರ ಡಿಪಿ, ಸ್ಟೇಟಸ್ ನೋಡೋದು ಬಿಡ್ರಿ. ತಿತ್ತಿ ಖಾಲಿಯಾಗಿದೆ. ಮತ್ತೆ ಮತ್ತೆ ಹಿಂಡಿದರೆ ಹನಿ ಬರೋದಿಲ್ಲ. ನೋವು ಮರೆಯೋಕೆ ಅಂತ ಅವಸರದಲ್ಲಿ ಇನ್ನೊಂದು ಸಂಬಂಧಕ್ಕೂ ಕೈ ಹಾಕಬೇಡ್ರಿ.

ಮೂರನೇದು, ಗುಟ್ಟು ಕಾಯುವ ಒಬ್ಬರಿಗೆ ಎಲ್ಲಾ ಹೇಳ್ರಿ. ಸಾಯಬೇಕು ಅನ್ನಿಸಿದರೆ ಆ ರಾತ್ರಿನೇ ಹೇಳ್ರಿ, ಡಾಕ್ಟರ್ ಹತ್ತಿರ ಹೋಗ್ರಿ. ಔಷಧಿಯೂ ದೇವರ ದಯೆ.

ನಾಲ್ಕನೇದು, ಕಾನೂನು ತಿಳ್ಕೊಳ್ರಿ. ಕ್ರೈಸ್ತರ ವಿಚ್ಛೇದನದ ಕಾಯ್ದೆ 1869ರದು. 2001ರ ತಿದ್ದುಪಡಿವರೆಗೆ ಹೆಂಡತಿಗೆ ಗಂಡನ ಕ್ರೌರ್ಯ ಒಂದೇ ಕಾರಣವಾಗಿ ಸಾಲುತ್ತಿರಲಿಲ್ಲ, ಜೊತೆಗೆ ಆತನ ವ್ಯಭಿಚಾರವನ್ನೂ ತೋರಿಸಬೇಕಿತ್ತು. ಈಗ ಹಾಗಿಲ್ಲ. ಇಬ್ಬರೂ ಒಪ್ಪಿ ಬೇರೆಯಾಗೋ ದಾರಿಯೂ ಇದೆ. ಅದಕ್ಕಿದ್ದ 2 ವರ್ಷದ ಷರತ್ತನ್ನು 1 ವರ್ಷ ಅಂತ ಓದಬೇಕೆಂದು ಕರ್ನಾಟಕ ಹೈಕೋರ್ಟ್ 2014ರಲ್ಲಿ ಹೇಳಿತು. ಹಿರಿಯರು ಬಾಂಡ್ ಪೇಪರ್ ಮೇಲೆ ಬರೆಸಿದ ಸೋಡಚಿಟ್ಟಿಯಿಂದ ಕ್ರೈಸ್ತ ಮದುವೆ ಮುಗಿಯೋದಿಲ್ಲ, ನ್ಯಾಯಾಲಯದ ಆದೇಶ ಬೇಕು. ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗ್ತಾರೆ. ಮನೆಯಲ್ಲಿ ಹೊಡೆತ ಇದ್ದರೆ 181ಕ್ಕೆ ಫೋನ್ ಮಾಡ್ರಿ, ಜೀವಕ್ಕೆ ಅಪಾಯ ಅಂದ್ರೆ 112. ಮೊದಲು ಸುರಕ್ಷಿತ ಜಾಗಕ್ಕೆ ಹೋಗ್ರಿ, ಪ್ರಾರ್ಥನೆ ಅಲ್ಲಿಂದಾನೂ ಮಾಡಬಹುದು.

ಆ ಅಕ್ಕಾರು ಈಗ ಮಿರಜದಲ್ಲಿ ಕೆಲಸಕ್ಕೆ ಹೋಗ್ತಾರೆ. ಎಲ್ಲಾ ಸರಿಯಾಗಿದೆ ಅಂತ ನಾನು ಸುಳ್ಳು ಸಾಕ್ಷಿ ಹೇಳೋದಿಲ್ಲ. ಕೆಲವು ಭಾನುವಾರ ಹಾಡು ಹಾಡುವಾಗ ಇನ್ನೂ ಅಳ್ತಾರೆ. ಆದರೆ ಹಿಂದಿನ ಸಾಲು ಬಿಟ್ಟು ಮುಂದೆ ಬಂದು ಕೂತಿದ್ದಾರೆ. ಹಾಗರಳ ಅಡವಿಯೂ ಅದೇ ದಿನ ತೋಟ ಆಗಲಿಲ್ಲ. ಆಕೆ ಮೊದಲು ತಿತ್ತಿ ತುಂಬಿಕೊಂಡಳು, ಮಗನಿಗೆ ಕುಡಿಸಿದಳು. ಇವತ್ತಿಗೆ ಅಷ್ಟು ಸಾಕು.

ಕಣ್ಣು ಮುಚ್ಚಿರಿ, ಪ್ರಾರ್ಥನೆ ಮಾಡೋಣ. ಕರ್ತನೇ, ನೋಡುವ ದೇವರೇ, ನೀರು ತೀರಿಹೋಗಿ ಕೂತಿರುವ ನಿನ್ನ ಮಕ್ಕಳನ್ನು ಹೆಸರು ಹಿಡಿದು ಕರೆ. ಅವರ ಕಣ್ಣು ತೆರೆ. ಅರ್ಧ ಕತೆ ಹೇಳಿ ಗಾಯ ಮಾಡಿದ ನಮ್ಮನ್ನು ಕ್ಷಮಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.