ಕರೆ ತಲುಪದವರು

ಮತ್ತಾಯನ ಶುಭಸಂದೇಶದ 20ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಮತಿಯೊಂದಿದೆ. ದ್ರಾಕ್ಷಿತೋಟದ ಯಜಮಾನನು ಸಂಜೆ ಐದು ಗಂಟೆಯಾದರೂ ಸಂತೆಬೀದಿಯಲ್ಲಿ ನಿಂತಿದ್ದವರನ್ನು ಕಂಡು ಕಾರಣ ವಿಚಾರಿಸುತ್ತಾನೆ. ತಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎಂಬುದೇ ಅವರ ಉತ್ತರ. ಆ ಸಾಮತಿಯ ಸಮಾನ ಕೂಲಿಯನ್ನು ಕುರಿತು ನಾವು ಬಹಳ ಚಿಂತಿಸಿದ್ದೇವೆ. ಈ ಉತ್ತರದ ನೋವನ್ನು ಗಮನಿಸಿದ್ದು ಕಡಿಮೆ. ಅವರನ್ನು ಅನರ್ಹರೆಂದು ಯಾರೂ ತಿರಸ್ಕರಿಸಿರಲಿಲ್ಲ. ಕರೆಯೇ ಅವರನ್ನು ತಲುಪಿರಲಿಲ್ಲ.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ವಿದ್ಯಾವಂತ ಯುವಜನರಿಗೆ ಇಂದು ಮೊಬೈಲೇ ಸಂತೆಬೀದಿ. ಯಾವ ಉದ್ಯೋಗದ ಜಾಹೀರಾತು ಯಾರ ಕಣ್ಣಿಗೆ ಬೀಳಬೇಕೆಂಬುದನ್ನು ಅಲ್ಲಿ ದೂರದ ಕಂಪನಿಗಳ ತಂತ್ರಾಂಶ ನಿರ್ಧರಿಸುತ್ತದೆ. ವೃತ್ತಪತ್ರಿಕೆಯ ಪ್ರಕಟಣೆಯನ್ನು ಗ್ರಂಥಾಲಯಕ್ಕೆ ಹೋದ ಯಾರು ಬೇಕಾದರೂ ಓದಬಹುದು. ಆದರೆ ಮೊಬೈಲಿನಲ್ಲಿ ಅಣ್ಣನಿಗೆ ಕಂಡದ್ದು ತಂಗಿಗೆ ಕಾಣದಿರಬಹುದು. ಕಾಣಲಿಲ್ಲವೆಂಬುದೂ ಆಕೆಗೆ ತಿಳಿಯದು.

ಇದು ಬರಿಯ ಊಹೆಯಲ್ಲ. ಉದ್ಯೋಗದ ಜಾಹೀರಾತುಗಳನ್ನು ವಯಸ್ಸು, ಲಿಂಗ ನೋಡಿ ಕೆಲವರಿಗೆ ಮಾತ್ರ ತೋರಿಸಲು ಅವಕಾಶವಿದೆಯೆಂಬ ದೂರುಗಳು ಅಮೆರಿಕದಲ್ಲಿ ಎದ್ದಾಗ, ಅಲ್ಲಿ ಅದನ್ನು ನಿಲ್ಲಿಸಲು ಫೇಸ್‌ಬುಕ್ 2019ರಲ್ಲಿ ಒಪ್ಪಿಕೊಂಡಿತು. ಅರ್ಜಿಗಳನ್ನು ತೂಗಿ ನೋಡಲು ಅಮೆಜಾನ್ ರೂಪಿಸಿದ್ದ ತಂತ್ರಾಂಶವು ಮಹಿಳೆಯರನ್ನು ಹಿಂದಕ್ಕೆ ತಳ್ಳಿತೆಂದು 2018ರಲ್ಲಿ ವರದಿಯಾಯಿತು. ಅದು ಕಲಿತದ್ದು ಹಿಂದಿನ ಹತ್ತು ವರ್ಷಗಳ ಅರ್ಜಿಗಳಿಂದ. ಅವುಗಳಲ್ಲಿ ಹೆಚ್ಚಿನವು ಪುರುಷರವು. ಸಂಸ್ಥೆ ಅದನ್ನು ಕೈಬಿಟ್ಟಿತು. ಯಂತ್ರಕ್ಕೆ ದ್ವೇಷವಿಲ್ಲ, ಮನುಷ್ಯರ ಹಳೆಯ ಪಕ್ಷಪಾತವನ್ನೇ ಅದು ನಿಯಮವಾಗಿಸುತ್ತದೆ. ಸಂವಿಧಾನದ 371ಜೆ ವಿಧಿಯಿಂದ ಸರ್ಕಾರಿ ನೇಮಕಾತಿಯಲ್ಲಿ ನಮ್ಮ ಭಾಗಕ್ಕೆ ಮೀಸಲಾತಿ ದೊರಕಿದೆ. ಖಾಸಗಿ ಕಂಪನಿಯ ತಂತ್ರಾಂಶಕ್ಕೆ ಅದು ಅನ್ವಯಿಸದು.

ಯೋಗ್ಯರನ್ನು ಆರಿಸುವ ಸ್ವಾತಂತ್ರ್ಯ ಉದ್ಯೋಗದಾತನಿಗೆ ಬೇಡವೇ ಎಂದು ನೀವು ಕೇಳಬಹುದು. ಖಂಡಿತ ಬೇಕು. ಆದರೆ ಅರ್ಜಿಯನ್ನು ನೋಡಿ ಆರಿಸುವುದು ಬೇರೆ, ಅರ್ಜಿ ಹಾಕುವ ಅವಕಾಶವನ್ನೇ ಮರೆಮಾಡುವುದು ಬೇರೆ. ತಿರಸ್ಕೃತನು ಕಾರಣ ಕೇಳಬಲ್ಲನು. ಕರೆಯೇ ತಲುಪದವನು ಯಾರನ್ನು ಕೇಳಬೇಕು? ಯಂತ್ರಕ್ಕೆ ಕೆಲಸವನ್ನು ವಹಿಸಬಹುದು, ಹೊಣೆಯನ್ನು ವಹಿಸಲಾಗದು. ಒಬ್ಬ ವ್ಯಕ್ತಿ ಉದ್ಯೋಗಕ್ಕೆ ಅರ್ಹನೇ ಎಂಬುದನ್ನೂ ಕೃತಕ ಬುದ್ಧಿಮತ್ತೆಯೇ ತೀರ್ಮಾನಿಸುವ ಕಾಲ ಬರಬಹುದೆಂದು ಜಗದ್ಗುರು ಫ್ರಾನ್ಸಿಸ್‌ರವರು 2024ರ ವಿಶ್ವಶಾಂತಿ ದಿನದ ಸಂದೇಶದಲ್ಲಿ ಎಚ್ಚರಿಸಿದ್ದರು.

1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕ ಶಾಸನವು, ಧರ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಬೇಕು ಎನ್ನುತ್ತದೆ. ಆ ಮಾತನ್ನು ಬಂಡೆಯ ಮೇಲೆ ಕೆತ್ತಿಸಲಾಯಿತು. ನ್ಯಾಯದ ಮೊದಲ ಮೆಟ್ಟಿಲೂ ಇದೇ: ಎಲ್ಲರಿಗೂ ಕಾಣುವಂತೆ ಕರೆಯುವುದು.

ನಮ್ಮ ಶಾಲೆ, ಆಸ್ಪತ್ರೆ, ಧರ್ಮಕೇಂದ್ರಗಳೂ ಕೆಲಸಗಾರರನ್ನು ನೇಮಿಸಿಕೊಳ್ಳುತ್ತವೆ. ಆ ಕರೆ ಕೇವಲ ಪರಿಚಿತರ ಮೊಬೈಲುಗಳಲ್ಲಿ ಸುತ್ತಿ ನಿಲ್ಲುತ್ತಿದೆಯೇ, ಬಾಗಿಲಿನ ಫಲಕದ ಮೇಲೂ ಕಾಣುತ್ತಿದೆಯೇ? ದ್ರಾಕ್ಷಿತೋಟದ ಯಜಮಾನನು ಒಂದೇ ದಿನದಲ್ಲಿ ಐದು ಸಲ ತಾನೇ ಹೊರಟು ಹೋದನು.