ನೀರು ಬಾರದಿದ್ದರೆ

'ಬ್ಯಾಚ್' ಎಂದರೇನೆಂದು ಅಡುಗೆ ಮಾಡುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಳೆದು ಹಾಕಿ, ಕಾಯಿಸಿ, ಹದ ನೋಡಿ ಇಳಿಸಿ, ಪಾತ್ರೆ ತೊಳೆದು ಮತ್ತೆ ಮೊದಲಿನಿಂದ ತೊಡಗುವುದು. ಔಷಧಿ, ಬಣ್ಣಗಳ ಕಾರ್ಖಾನೆಗಳಲ್ಲಿ ಹೆಚ್ಚಾಗಿ ನಡೆಯುವುದು ಇದೇ. ಈ ಹಂತಗಳನ್ನು ಕಂಪ್ಯೂಟರಿಗೆ ಕಲಿಸಿಕೊಡುವುದು ನನ್ನ ತಂಗಿಯ ಮಗಳ ಕೆಲಸ.

1995ರಲ್ಲಿ ಅಮೆರಿಕದಲ್ಲಿ ಎಸ್-88 ಎಂಬ ಮಾನದಂಡ ಬಂತಂತೆ. ಕಾಯಿಸು, ಕಲಕು, ತಣಿಸು ಎಂಬುದು ಪಾತ್ರೆಗೆ ಗೊತ್ತಿರುವ ಕೆಲಸ. ಯಾವುದನ್ನು ಎಷ್ಟು ಹಾಕಿ, ಯಾವ ಕ್ರಮದಲ್ಲಿ ಮಾಡಬೇಕೆಂಬುದು ಬೇರೆ. ಈ ಎರಡನೆಯದನ್ನು ಅವರೂ 'ರೆಸಿಪಿ' ಎಂದೇ ಕರೆಯುತ್ತಾರೆಂದು ಕೇಳಿ ನನಗೆ ನಗು ಬಂತು.

"ಮತ್ತೆ ಕಷ್ಟ ಏನೇ?" ಎಂದೆ.

"ಎಲ್ಲ ಸರಿಯಾಗಿ ನಡೆಯುವುದನ್ನು ಬರೆಯೋದು ಸುಲಭ ದೊಡ್ಡಮ್ಮ. ತಣಿಸೋ ನೀರೇ ಬಾರದಿದ್ದರೆ ಏನು ಅಂತ ಬರೆಯೋದೇ ಕಷ್ಟ."

ಅವಳು ಹೇಳಿದ ಒಂದು ಸಂಗತಿ ಮನಸ್ಸಿನಿಂದ ಹೋಗಿಲ್ಲ. 2007ರ ಡಿಸೆಂಬರ್ 19ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್‌ನಲ್ಲಿ, ಟಿ2 ಲ್ಯಾಬೊರೇಟರೀಸ್ ಎಂಬ ಕಾರ್ಖಾನೆಯಲ್ಲಿ, ಪೆಟ್ರೋಲಿಗೆ ಬೆರೆಸುವ ರಾಸಾಯನಿಕದ 175ನೆಯ ಬ್ಯಾಚು ನಡೆದಿತ್ತು. ಹಿಂದೆಯೂ ಕೆಲವು ಬ್ಯಾಚುಗಳಲ್ಲಿ ಶಾಖ ಅಂಕೆ ಮೀರಿತ್ತು. ಆದರೂ 42ನೆಯದರಿಂದ ಅಳತೆಯನ್ನು ಮೂರನೆಯ ಒಂದು ಪಾಲು ಹೆಚ್ಚಿಸಿದ್ದರು. ತಣಿಸುವ ನೀರಿಗೆ ಬದಲಿ ಏರ್ಪಾಡು ಇರಲಿಲ್ಲ. ಅಂದು ಕೆಲಸದಲ್ಲಿದ್ದವನು ತೊಂದರೆ ಕಂಡು ಮಾಲೀಕರಿಗೆ ಫೋನು ಮಾಡಿದ, ಅವರು ಬಂದರು. ಅಷ್ಟರಲ್ಲಿ ಕಾಲ ಮಿಂಚಿತ್ತು. ಪಾತ್ರೆ ಸಿಡಿದು ನಾಲ್ವರು ಸತ್ತರು. ಅವರಲ್ಲಿ ಒಬ್ಬ ಮಾಲೀಕನೂ ಇದ್ದ.

ಇಲ್ಲಿ ಹೊಣೆ ಯಾರದು? ಕೊನೆಯಲ್ಲಿ ಒಲೆಯ ಮುಂದೆ ನಿಂತವನದೇ ಎನ್ನುವುದು ನಮಗೆ ರೂಢಿಯಾಗಿಬಿಟ್ಟಿದೆ. ಹಾಲು ಉಕ್ಕಿದರೆ ಬೈಗುಳ ಸೊಸೆಗೆ. ಒಲೆ ಎಲ್ಲಿಟ್ಟಿದ್ದಾರೆ, ಒಂದೇ ಹೊತ್ತಿನಲ್ಲಿ ಅವಳಿಗೆ ಎಷ್ಟು ಕೆಲಸ ಹಚ್ಚಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ನೀರು ನಿಲ್ಲಬಹುದೆಂದು ನೆಮ್ಮದಿಯಾಗಿ ಕುಳಿತು ಯೋಚಿಸಲು ಸಮಯವಿದ್ದದ್ದು ಯೋಜನೆ ಹಾಕಿದವರಿಗೆ. ನಿಮಿಷಗಳಷ್ಟೇ ಉಳಿದಿದ್ದವನಿಗಲ್ಲ.

ಹಾಗಾದರೆ ಎಲ್ಲವನ್ನೂ ಯಂತ್ರಕ್ಕೇ ಒಪ್ಪಿಸಿದರಾಯಿತೆ? ಅದೂ ಅಷ್ಟು ಸರಳವಲ್ಲವಂತೆ. ನಿಲ್ಲಿಸುವುದೇ ಕೆಲವೊಮ್ಮೆ ಅಪಾಯ: ಕಲಕುವುದು ನಿಂತರೆ ಒಂದು ಕಡೆ ಶಾಖ ಕೂಡಿಬಿಡುತ್ತದೆ. ಆದ್ದರಿಂದ ಪ್ರತಿ ಹಂತಕ್ಕೂ, ಇಲ್ಲಿ ತಡೆದರೆ ಯಾವುದು ನಡೆಯುತ್ತಲೇ ಇರಬೇಕು, ಯಾವುದು ನಿಲ್ಲಬೇಕು ಎಂದು ಮೊದಲೇ ಬರೆದಿಡಬೇಕು.

ಬರೆಯುವ ಮುನ್ನ ಅವಳು ರಾತ್ರಿ ಪಾಳಿಯವರ ಜೊತೆ ಒಂದೆರಡು ದಿನ ಕೂರುತ್ತಾಳೆ. ಕಾಗದದಲ್ಲಿಲ್ಲದ್ದು ಏನೇನು ಆಗುತ್ತದೆ ಹೇಳಿ ಎಂದು ಕೇಳಿದರೆ ಮೊದಲು ಯಾರೂ ಬಾಯಿ ಬಿಡುವುದಿಲ್ಲವಂತೆ. ಚಹಾ ಬಂದ ಮೇಲೆ ಹೇಳುತ್ತಾರೆ.